ದುಬೈ ದೋಸೆಯ ಸದ್ದು

ಭಾವನ ಕ್ಯಾಂಟೀನಿಗೆ ನಾನು ಟ್ರೆಂಡ್ ಸಲಹೆಗಾರನಾಗಿ ನೇಮಕವಾಗಲು ಇದ್ದ ಅರ್ಹತೆ ಒಂದೇ: ಬೆನ್ನ ಮೇಲೆ ಮೂರು ಕಣ್ಣಿರುವ ಫೋನು. ಮಗ ಕಳಿಸಿದ್ದು. ಅದುವರೆಗೆ ಅದರಲ್ಲಿ ನಾನು ಸೆರೆಹಿಡಿದದ್ದು ದೀಪಾವಳಿಯ ಬೆಳಿಗ್ಗೆ ಡೊಂಬಿವಲಿಯ ಫಡಕೆ ರೋಡಿನಲ್ಲಿ ಹೊಸ ಬಟ್ಟೆ ತೊಟ್ಟು ನೆರೆಯುವ ಹುಡುಗ ಹುಡುಗಿಯರ ಬೆನ್ನು, ಸಂಘದ ಸಮಾರಂಭಗಳಲ್ಲಿ ಶಾಲು ಹೊದೆಸಿಕೊಳ್ಳುವವರ ತಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನದೇ ಹೆಬ್ಬೆರಳು. ಆದರೂ ಭಾವ ಕೇಳಿದಾಗ ಗಂಭೀರವಾಗಿ ‘ನೋಡೋಣ’ ಅಂದೆ. ಬ್ಯಾಂಕಿನಲ್ಲಿದ್ದಾಗ ಸಾಲದ ಅರ್ಜಿ ಹಿಡಿದು ಬಂದವರಿಗೆಲ್ಲ ಹೇಳಿ ಹೇಳಿ ಬಾಯಿಗೆ ಕೂತ ಮಾತು.

ಭಾವನದು ಕಲ್ಯಾಣದ ಒಂದು ಕಾಲೇಜಿನಲ್ಲಿ ಗುತ್ತಿಗೆಯ ಕ್ಯಾಂಟೀನು. ಇಡ್ಲಿಯಿಂದ ಕಟಿಂಗ್ ಚಹಾದವರೆಗೆ ಪ್ರತಿಯೊಂದರ ರೇಟನ್ನೂ ಕಮಿಟಿ ನಿಗದಿ ಮಾಡಿ, ಚೌಕಟ್ಟು ಹಾಕಿಸಿ, ಗಲ್ಲಾದ ನೆತ್ತಿಯ ಮೇಲೆ ತೂಗುಹಾಕಿದೆ. ಗೇಟಿನಾಚೆ ಈಗೊಂದು ಕೆಫೆ ಎದ್ದಿದೆ. ಅಲ್ಲಿ ಕಮಿಟಿ ಇಲ್ಲ, ಗೋಡೆಯ ಮೇಲೆ ದೀಪದ ರೆಕ್ಕೆಗಳಿವೆ. ಮಕ್ಕಳು ಆ ರೆಕ್ಕೆಗಳ ನಡುವೆ ನಿಂತು ಫೋಟೊ ತೆಗೆಸಿಕೊಂಡು, ಇಲ್ಲಿನ ಐದು ಮಸಾಲೆದೋಸೆಯ ದುಡ್ಡನ್ನು ಅಲ್ಲಿ ಒಂದು ಲೋಟ ಹಸಿರು ನೊರೆಗೆ ಕೊಟ್ಟು ಬರುತ್ತಾರೆ.

‘ಹ್ವಾಯ್ ಭಾವ, ಮಕ್ಕಳು ಒಳಗೆ ಬರ್ತಾರೆ, ಫ್ಯಾನಿನ ಕೆಳಗೆ ಕೂರ್ತಾರೆ, ನೀರು ಕುಡೀತಾರೆ, ಎದ್ದು ಹೋಗ್ತಾರೆ. ಎಂತ ಮಾಡುದು ಮಾರಾಯ್ರೆ?’

ನಾನು ಕಾಫಿ ತರಿಸಿಕೊಂಡು (ಸಲಹೆಗಾರನಿಗೆ ಕಾಫಿ ಪುಕ್ಕಟೆ ಎಂಬುದು ನಮ್ಮ ಒಪ್ಪಂದ) ಭಾಷಣ ಶುರುಮಾಡಿದೆ. ಟ್ರೆಂಡಿಗೆ ನಮ್ಮ ಹೋಟೆಲಿನವರು ಯಾವತ್ತು ಹೆದರಿದ್ದು? ಮುಂಬಯಿಯ ಮೈಸೂರು ಮಸಾಲೆಯನ್ನು ಮೈಸೂರಿನವರ ಮುಂದಿಟ್ಟರೆ ಒಳಗಿನ ತರಕಾರಿ ಮೆರವಣಿಗೆ ಕಂಡು ಅವರು ಊರ ಹೆಸರು ವಾಪಸು ಕೇಳಿಯಾರು. ಗುಜರಾತಿ ಗಿರಾಕಿ ಬಂದ, ಸಾಂಬಾರು ಈರುಳ್ಳಿ ಬೆಳ್ಳುಳ್ಳಿ ತ್ಯಜಿಸಿ ಜೈನ ದೀಕ್ಷೆ ತೊಟ್ಟಿತು. ಪಾವ್‌ಭಾಜಿ ಬಂತು, ಇಡ್ಲಿ ಪಾತ್ರೆ ಸರಿದು ಜಾಗ ಕೊಟ್ಟಿತು. ಶೆಜ್ವಾನ್ ಬಂತು, ದೋಸೆ ಕೆಂಪಾಯಿತು. ಥಾಣೆಯ ತಹಶೀಲ್ದಾರ್ ಕಚೇರಿಯ ಬಳಿ ಮಾಮಲೆದಾರ್ ಮಿಸಳ್ ತಿಂದು ಮರಾಠಿಗರು ಕಣ್ಣು ಮೂಗು ಒರೆಸಿಕೊಳ್ಳುತ್ತಾ ಜೈ ಅನ್ನುತ್ತಾರಲ್ಲ, ಅದನ್ನು ಬೆಳೆಸಿದ ಮನೆತನದ ಹೆಸರೇನು? ಮುರ್ಡೇಶ್ವರ! ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಯಾರು ರೀಲು ಮಾಡಿದ್ದರು?

‘ಅದೆಲ್ಲ ಸರಿ,’ ಅಂದ ಭಾವ. ‘ಈಗ ಎಂತ ಮಾಡುದು?’

ಉತ್ತರ ಸಿಕ್ಕಿದ್ದು ನೆರುಳಿನಲ್ಲಿ ಡಿಗ್ರಿ ಓದುತ್ತಿರುವ ಅವನ ಮಗಳಿಂದ. ‘ಮಾವ, ದುಬೈ ಚಾಕಲೇಟ್ ಗೊತ್ತಾ?’ ಅಂತ ಕೇಳಿ, ನನ್ನ ಮುಖ ನೋಡಿ, ಗೊತ್ತಿಲ್ಲವೆಂದು ತಾನೇ ತೀರ್ಮಾನಿಸಿ ಪಾಠ ಹೇಳಿದಳು. ಸಾರಾ ಹಮೂದಾ ಎಂಬಾಕೆ ದುಬೈಯಲ್ಲಿ ಬಸುರಿ ಬಯಕೆಗೆಂದು ಹುಟ್ಟುಹಾಕಿದ್ದಂತೆ. ಚಾಕಲೇಟಿನ ಹೊಟ್ಟೆಯಲ್ಲಿ ಪಿಸ್ತಾ ಪೇಸ್ಟು, ಹುರಿದ ಕುನಾಫಾ ಎಳೆ. 2023ರ ಕೊನೆಗೆ ಒಬ್ಬಾಕೆ ಕಾರಿನಲ್ಲಿ ಕೂತು ಅದನ್ನು ಕಚ್ಚಿದ ವಿಡಿಯೊ ಟಿಕ್‌ಟಾಕಿನಲ್ಲಿ ಬಂದು ಲೋಕಕ್ಕೆಲ್ಲ ಹಬ್ಬಿತು. ಟಿಕ್‌ಟಾಕ್ ನಮ್ಮಲ್ಲಿ 2020ರಲ್ಲೇ ಬಂದ್ ಆಗಿತ್ತು. ಕರಂ ಎಂಬ ಸದ್ದು ಮಾತ್ರ ಬೇರೆ ದಾರಿ ಹಿಡಿದು ಕಲ್ಯಾಣ ಜಂಕ್ಷನ್ ತಲುಪಿತು.

ಕುನಾಫಾ ಎಳೆಯ ಫೋಟೊ ನೋಡಿದೆ. ಇದು ನಮ್ಮ ಶ್ಯಾವಿಗೆಯ ದಾಯಾದಿ! ಚಾಕಲೇಟ್ ದೋಸೆಯನ್ನಂತೂ ಮುಂಬಯಿ ಎಂದೋ ಜೀರ್ಣಿಸಿಕೊಂಡಿದೆ. ಅದರೊಳಗೆ ತುಪ್ಪದಲ್ಲಿ ಹುರಿದ ಶ್ಯಾವಿಗೆ, ಮೇಲೆ ಪಿಸ್ತಾ. ‘ದುಬೈ ದೋಸೆ’ ಎಂದು ಘೋಷಿಸಿ ನನ್ನ ತೊಡೆಯನ್ನು ನಾನೇ ತಟ್ಟಿಕೊಂಡೆ.

ಪಿಸ್ತಾ ತರಲು ಭಾವ ವಾಶಿಯ ಎಪಿಎಂಸಿ ಮಸಾಲಾ ಮಾರ್ಕೆಟ್ಟಿಗೆ ಹೋದವನು ಮುಖ ಇಳಿಬಿಟ್ಟುಕೊಂಡು ಬಂದ. ನನ್ನ ಫೋನು ಕಾರಣ ಹೇಳಿತು: ಈ ಚಾಕಲೇಟಿನ ಹುಚ್ಚಿಗೆ 2025ರ ಹೊತ್ತಿಗೆ ಜಗತ್ತಿನ ಪೇಟೆಯಲ್ಲಿ ಪಿಸ್ತಾ ತಿರುಳು ಪೌಂಡಿಗೆ 7.65 ಡಾಲರಿನಿಂದ 10.30ಕ್ಕೆ ಜಿಗಿದಿತ್ತು. ದುಬೈಯಲ್ಲಿ ಒಬ್ಬ ಬಸುರಿಗೆ ಬಯಕೆಯಾದರೆ ಅದರ ಬಿಲ್ಲು ನನ್ನ ಭಾವನ ಗಲ್ಲಾಕ್ಕೆ ಬರುತ್ತದೆ. ಕಡೆಗೆ ಪಿಸ್ತಾವನ್ನು ಪುಡಿ ಮಾಡಿ ವಿಭೂತಿಯ ಪ್ರಮಾಣದಲ್ಲಿ ಉದುರಿಸುವುದೆಂದಾಯಿತು.

ಒಂದು ಭಾನುವಾರ ಖಾಲಿ ಕ್ಯಾಂಟೀನಿನಲ್ಲಿ ಚಿತ್ರೀಕರಣ. ನಿರ್ದೇಶಕಿ ಸೊಸೆಯ ಮೊದಲ ಆಜ್ಞೆ: ‘ಮುಖ ಬೇಡ ಮಾವ, ಕೈ ಮಾತ್ರ. ಈಗ ಕೈಯೇ ಓಡುವುದು.’ ನಾನು ಮೇಜಿನ ಮೇಲೆ ಹೊಟ್ಟೆಯಡಿ ಮಾಡಿ ಮಲಗಿ, ಮೊಣಕೈ ಊರಿ, ಗಡಿ ಕಾಯುವ ಯೋಧನ ಭಂಗಿಯಲ್ಲಿ ಫೋನು ಗುರಿಯಿಟ್ಟೆ. ಕ್ಯಾಂಟೀನಿನ ಅಡುಗೆಯ ಭಟ್ರು ಕಾವಲಿಗೆ ನೀರು ಚಿಮುಕಿಸಿ, ಹಿಟ್ಟು ಹೊಯ್ದು, ಚಾಕಲೇಟ್ ಸವರಿ, ಶ್ಯಾವಿಗೆ ಹರಡಿ, ಮಡಚಿ, ಎರಡೂ ಕೈಯಲ್ಲಿ ಹಿಡಿದು ಮುರಿದರು.

ಪಿಚಕ್.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಚಾಕಲೇಟು ಶ್ಯಾವಿಗೆಯನ್ನು ನೆನೆಸಿ ಬಾಣಂತಿಯ ಪಥ್ಯ ಮಾಡಿಟ್ಟಿತ್ತು. ಸದ್ದಿಲ್ಲದಿದ್ದರೆ ದುಬೈಯಿಲ್ಲ ಎಂದಳು ಸೊಸೆ. ಸರಿ, ಶ್ಯಾವಿಗೆಯನ್ನು ಇನ್ನಷ್ಟು ಹುರಿದು, ಮಡಚಿದ ತಕ್ಷಣ ಮುರಿದೆವು. ಸದ್ದೇನೋ ಬಂತು, ಆದರೆ ಫೋನಿಗೆ ಕೇಳಿದ್ದು ಎಕ್ಸಾಸ್ಟ್ ಫ್ಯಾನು. ಫ್ಯಾನು ನಿಲ್ಲಿಸಿದರೆ ತುಪ್ಪದ ಹೊಗೆ ತಿರುಗಿ ಬಂದು ಭಾವನಿಗೆ ಕೆಮ್ಮು. ಭಾವನನ್ನು ಹೊರಗೆ ಕಳಿಸಿದೆವು. ಈಗ ನಿಶ್ಶಬ್ದ. ಭಟ್ರು ದೋಸೆ ಎತ್ತಿದರು, ಮುರಿಯುವ ಗಳಿಗೆಗೆ ಸರಿಯಾಗಿ ಕುಕ್ಕರು ಕೂಗಿತು. ಕುಕ್ಕರು ಇಳಿಸಿದೆವು. ರೈಲಿನ ಹಾರ್ನು. ಕಲ್ಯಾಣದಲ್ಲಿ ರೈಲು ಮುಗಿಯಲಿ ಎಂದು ಕಾಯುವವನು ಹಣ್ಣು ಮುದುಕನಾಗುತ್ತಾನೆ. ಕಚ್ಚಿದರೆ ಸದ್ದು ಚೆನ್ನಾಗಿ ಬಂದೀತೆಂದರೆ ಕಚ್ಚುವವರು ಯಾರು? ಸೊಸೆಯ ಹಲ್ಲಿಗೆ ತಂತಿ, ಭಾವನ ಹಲ್ಲು ಸೆಟ್ಟು, ಭಟ್ರಿಗೆ ಭಾನುವಾರ ಸಂಕಷ್ಟಿ ಬಂದು ಉಪವಾಸ. ಉಳಿದವನು ನಾನು. ಮಧುಮೇಹಿ. ಕಲೆಗಾಗಿ ಕಚ್ಚಿದೆ. ಬಂದದ್ದು ಬಾಯಿ ಚಪ್ಪರಿಸುವ ಸದ್ದು, ಅದನ್ನು ಕೇಳಿ ಸೊಸೆ ‘ಮಾವ, ಇದನ್ನು ಹಾಕಿದರೆ ರಿಪೋರ್ಟ್ ಮಾಡ್ತಾರೆ’ ಅಂದಳು.

ಆಗ ಭಟ್ರು ಮಾತಿಲ್ಲದೆ ಒಳಗೆ ಹೋದರು. ಊರಿಂದ ತಂದಿಟ್ಟ ಹಲಸಿನ ಹಪ್ಪಳವೊಂದನ್ನು ಕರಿದು ತಂದು ಫೋನಿನ ಕಿವಿಯ ಹತ್ತಿರ ಹಿಡಿದು ಮುರಿದರು.

ಅದು ಸದ್ದು! ದುಬೈಗೂ ಕೇಳಿಸಬೇಕು. ಸೊಸೆ ಕುಣಿದಳು. ಇದು ಮೋಸವಲ್ಲವೇ ಎಂದು ಭಾವ ಬಾಗಿಲಾಚೆಯಿಂದ ಕೆಮ್ಮಿದ. ಸಿನಿಮಾದಲ್ಲಿ ತೆಂಗಿನ ಚಿಪ್ಪು ಬಡಿದು ಕುದುರೆ ಓಡಿಸುತ್ತಾರೆ, ಹಪ್ಪಳ ಮುರಿದು ದೋಸೆ ಓಡಿಸಿದರೆ ಏನು ತಪ್ಪು ಎಂದು ನಾನು ವಾದ ಹೂಡಿದೆ. ಚಿತ್ರ ದೋಸೆಯದು, ಧ್ವನಿ ಹಪ್ಪಳದ್ದು. ಆ ರಾತ್ರಿ ನಾನು ಅದನ್ನು ಎಷ್ಟು ಸಲ ನೋಡಿದೆನೆಂದರೆ ಹೆಂಡತಿ ಹಾಸಿಗೆ ಎತ್ತಿಕೊಂಡು ಹಾಲಿಗೆ ಹೋದಳು.

ಓಡಿತು. ಮಕ್ಕಳು ಬಂದರು, ಮುರಿದರು, ಪಿಚಕ್ ಅನ್ನಿಸಿಕೊಂಡರು. ‘ಅಣ್ಣಾ, ಆವಾಜ್ ಕುಠೇ ಆಹೆ?’ ಎಂದು ಗಲ್ಲಾದ ಮುಂದೆ ಗಲಾಟೆ. ಭಾವ ಹೆದರಿ ಪ್ರತಿ ದೋಸೆಯ ಪಕ್ಕ ಒಂದು ಹಪ್ಪಳ ಇಟ್ಟ. ದೋಸೆಯ ಮೇಲಿನ ಆಸಕ್ತಿ ವಾರದಲ್ಲಿ ತಣ್ಣಗಾಯಿತು, ಹಪ್ಪಳದ್ದು ಉಳಿಯಿತು. ಕಮಿಟಿಯ ಪಟ್ಟಿಯಲ್ಲಿ ‘ಪಾಪಡ್’ ಮೊದಲೇ ಇದ್ದುದರಿಂದ ಹೊಸ ಮಂಜೂರಾತಿಯೂ ಬೇಕಾಗಲಿಲ್ಲ.

ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಆ ವಾರ ಮೇಜುಗಳ ಮೇಲೆ ಮುರಿದಿಟ್ಟ, ಬಾಯಿಗೆ ಹೋಗದ ದೋಸೆಗಳಿದ್ದವು. ವಿಡಿಯೊ ಮುಗಿದ ಮೇಲೆ ಅವುಗಳ ಕೆಲಸವೂ ಮುಗಿದಿತ್ತು. ಉಂಗುರದ ದೀಪ ಹಿಡಿದು ಬಂದ ಒಬ್ಬ ತರುಣ ಎಲ್ಲ ಐಟಮ್ಮೂ ಪುಕ್ಕಟೆ ಬೇಕು, ಬದಲಿಗೆ ‘ಎಕ್ಸ್‌ಪೋಶರ್’ ಕೊಡುತ್ತೇನೆ ಅಂದ. ಅವನ ತಟ್ಟೆಯಲ್ಲಿ ಉಳಿದದ್ದನ್ನು ಭಟ್ರೇ ತೆಗೆದುಕೊಂಡು ಹೋಗಿ ಡಬ್ಬಕ್ಕೆ ಸುರಿದರು. ಅವರು ಬೈಂದೂರಿನ ಕಡೆಯವರು. ಚಿಕ್ಕ ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ತೂಕಡಿಸುತ್ತಾ ಏಳನೆಯವರೆಗೆ ಓದಿದವರು. ಮಿಕ್ಕಿದ ಅನ್ನವನ್ನು ಎಸೆಯುವಾಗ ಈಗಲೂ ಮುಖ ಆಚೆ ತಿರುಗಿಸುತ್ತಾರೆ.

ಸಂಜೆ ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು. ‘ರೀಲನ್ನು ಊರಿಗೆ ಕಳಿಸಿದ್ದೆ. ಅಮ್ಮ ನೋಡಿ, ಇದು ಯಾರ ಕೈ ಅಂತ ಕೇಳಿದ್ಲು. ಮುಖ ಬರುದಿಲ್ವಾ ಸರ್ ಇದ್ರಲ್ಲಿ?’

ಟ್ರೆಂಡು, ಕೋನ, ಆಲ್ಗಾರಿದಮ್ಮು ಎಂದು ನಾನು ಏನೇನೋ ತೊದಲಿದೆ. ಅವರು ಪೂರ್ತಿ ಕೇಳಿ, ‘ಮುಂದಿನ ಸಲ ಮುಖ ಇಲ್ದಿದ್ರೆ ಕೈಯೂ ಇಲ್ಲ’ ಎಂದು ಹಿಟ್ಟು ರುಬ್ಬಲು ಹೋದರು.

ಮುಂದಿನ ಭಾನುವಾರ ಭಟ್ರು ತಲೆಗೆ ಬಣ್ಣ ಹಚ್ಚಿ, ಮಗನ ಮದುವೆಯ ಅಂಗಿ ತೊಟ್ಟು ಕಾವಲಿಯ ಮುಂದೆ ನಿಂತರು. ಕ್ಯಾಮೆರಾವನ್ನೇ ದಿಟ್ಟಿಸುತ್ತಾ ಪಾಸ್‌ಪೋರ್ಟಿಗೆ ನಿಂತವರಂತೆ ನಿಂತದ್ದರಿಂದ ಮೊದಲ ದೋಸೆ ಸೀದಿತು, ಎರಡನೆಯದೂ ಸೀದಿತು. ‘ಇದು ಓಡಲ್ಲ ಮಾವ,’ ಎಂದು ಸೊಸೆ ಕಿವಿಯಲ್ಲಿ ಹೇಳಿದಳು. ಓಡಲಿಲ್ಲ. ನೋಡಿದವರಲ್ಲಿ ಬಹುಪಾಲು ಬೈಂದೂರಿನ ನೆಂಟರು. ಆದರೆ ಅವರಲ್ಲೊಬ್ಬರು ನವಿಮುಂಬಯಿಯಲ್ಲಿ ಹೋಟೆಲು ಇಟ್ಟವರು. ಇಷ್ಟು ವರ್ಷ ಎಲ್ಲಿ ಅಡಗಿದ್ದಿ ಮಾರಾಯ, ನಮ್ಮಲ್ಲಿಗೆ ಬಾ ಎಂದು ಭಟ್ರಿಗೆ ಫೋನು ಮಾಡಿದರು.

ಭಾವ ಗಾಬರಿಬಿದ್ದು ಭಟ್ರ ಸಂಬಳ ಏರಿಸಿದ. ಲೆಕ್ಕ ಸರಿದೂಗಿಸಲು ಖರ್ಚು ಎಲ್ಲಿ ಕಡಿಯಬಹುದೆಂದು ಆ ರಾತ್ರಿ ಪುಸ್ತಕ ಬಿಡಿಸಿ ಕೂತ. ಮರುದಿನದಿಂದ ನನ್ನ ಕಾಫಿಗೂ ಬಿಲ್ಲು ಬರುತ್ತಿದೆ, ಕಮಿಟಿ ನಿಗದಿ ಮಾಡಿದ ರೇಟಿನಲ್ಲೇ.