ಗಂಟೆಯ ಗಂಟು

ನಿಂಗ: ರಾಯ್ರೇ, ಮಗರಾಯ ಪೈಲಟ್ ಆದ್ರಾ?

ರಾಯರು: ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರ್ಬೇಕು ಕಣೋ. ಅದ್ರಲ್ಲಿ 100 ಗಂಟೆ ತಾನೇ ಕಮಾಂಡು. ಗಂಟೆ ಏರಿದಂಗೆಲ್ಲ ನನ್ನ ಗಂಟು ಇಳೀತಿದೆ. ಲಾಗ್‌ಬುಕ್ಕಲ್ಲಿ 190 ಆಯ್ತು.

ನಿಂಗ: ತಿಂಗಳಿಂದ ಮಳೆ, ವಿಮಾನ ಶೆಡ್ಡಲ್ಲೇ ಇದೆ ಅಂದಿದ್ರಿ?

ರಾಯರು: ಶೆಡ್ಡಲ್ಲಿರೋದು ವಿಮಾನ. ಪೆನ್ನು ಹಾರ್ತಾನೇ ಇದೆ.

ನಿಂಗ: ಇಂಧನ?

ರಾಯರು: ಒಂದು ರೀಫಿಲ್ಲು.

ನಿಂಗ: ಕೆಳಗಿಳಿಯೋದು?

ರಾಯರು: ಫುಲ್‌ಸ್ಟಾಪ್ ಇಟ್ರಾಯ್ತು.

ನಿಂಗ: 2011ರಲ್ಲಿ ವಿಮಾನ ಇಲಾಖೆ ಡಿಜಿಸಿಎಯವರು ಇಂಥ ಪುಸ್ತಕ ತೆಗೆಸಿ ನೋಡಿದ್ರಂತಲ್ಲ?

ರಾಯರು: ಅದಕ್ಕೇ ಈಗ ಅಕ್ಷರ ದುಂಡಗಿದೆ!

ನಿಂಗ: ಚಿಕ್ಕೋರಿದ್ದಾಗ ರೈಲು ಬಿಡ್ತಿದ್ರು, ಈಗ ವಿಮಾನ. ಬಡ್ತಿ ಬಿಡಿ!

ರಾಯರು: ಕೆಲಸ ಸಿಗ್ಲಿ, ಅವನ ವಿಮಾನದಲ್ಲೇ ನಿನ್ನನ್ನ ಕಾಶಿಗೆ ಕಳಿಸ್ತೀನಿ.

ನಿಂಗ: ಬ್ಯಾಡಿ ಸ್ವಾಮಿ. ನಿಂಗ ಹೋಗ್‌ಬಂದ ಅಂತ ಅದೇ ಪುಸ್ತಕದಲ್ಲಿ ಬರೆಸ್‌ಬಿಡಿ.