ಸಿಸಿ ಎಷ್ಟು ಗುರು?

ಸಂತೆಗೆ ಸೊಗಡಿನ ಅವರೆಕಾಯಿ ಬಂತೆಂದರೆ ತುಮಕೂರಿನ ಗಂಡಸರಿಗೆ ಒಂದು ಕಾಯಿಲೆ ಹತ್ತಿಕೊಳ್ಳುತ್ತದೆ. ಮೀಸೆ ಚಿಗುರುತ್ತಿರುವವನನ್ನೂ ಬಿಡುವುದಿಲ್ಲ, ಮೀಸೆಗೆ ಬಣ್ಣ ಹಚ್ಚುವವನನ್ನೂ ಬಿಡುವುದಿಲ್ಲ. "ಈ ಸಲ ಬೈಕಲ್ಲೇ ಹೋಗ್ಬಿಡಾಣ ಗುರು" ಅನ್ನುವುದು ಮೊದಲ ಲಕ್ಷಣ. ಬಿ.ಎಚ್. ರಸ್ತೆಯ ಟೀ ಅಂಗಡಿ ಮುಂದೆ ಮಾತು ಲಡಾಖಿನಿಂದಲೇ ಶುರುವಾಗಬೇಕು. ಚಳಿಗಾಲದಲ್ಲಿ ಮನಾಲಿ-ಲೇಹ್ ದಾರಿ ಹಿಮ ಬಿದ್ದು ಮುಚ್ಚಿರುತ್ತದಲ್ಲ ಎಂದು ಯಾರಾದರೂ ಬಾಯಿಬಿಟ್ಟರೆ ಅವನನ್ನು ಅಪಶಕುನದವನಂತೆ ನೋಡುತ್ತಾರೆ. ಎರಡನೇ ಟೀಗೆ ಗೋವಾ, ಮೂರನೆಯದಕ್ಕೆ ಚಿಕ್ಕಮಗಳೂರು. ಟೀ ದುಡ್ಡು ಯಾರು ಕೊಡಬೇಕು ಅನ್ನುವ ಹೊತ್ತಿಗೆ ದೇವರಾಯನದುರ್ಗ.

ಅಂಗಡಿ ಮುಂದಿನ ಅದೇ ರಸ್ತೆ ಹಿಡಿದು ಸುಮ್ಮನೆ ಹೋದರೆ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದ ಸಮುದ್ರವೇ ಸಿಗುತ್ತದೆ. ಆದರೆ ಹಾಗೆ ಸುಮ್ಮನೆ ಹೋಗಲು ಬೈಕ್ ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲವಲ್ಲ!

ಕುಣಿಗಲ್ಲಿನವರಾದರೂ ಈ ವಿಷಯದಲ್ಲಿ ಜಾಣರು ಎಂದುಕೊಂಡಿದ್ದೆ. ಟಿಪ್ಪುವಿನ ಕಾಲದಿಂದ ಕುದುರೆ ಫಾರಂ ಕಂಡ ಊರು. ಸವಾರಿಗೆ ಯಾವುದು ಸರಿ ಅನ್ನುವುದು ರಕ್ತದಲ್ಲೇ ಇರಬೇಕಲ್ಲವೇ? ನಮ್ಮ ಕುಣಿಗಲ್ ಭಾವ ಷೋರೂಮಿಗೆ ಹೋಗಿ ಮೊದಲು ಕೇಳಿದ್ದು, "ಸೌಂಡ್ ಹೆಂಗೈತೆ?" ಎಂದು. ಎರಡನೆಯ ಪ್ರಶ್ನೆ, "ಸಿಸಿ ಎಷ್ಟು?" ಜೊತೆಗಿದ್ದ ಅಕ್ಕ ಕೇಳಿದ್ದು ಒಂದೇ: "ಇದ್ರ ಮೇಲೆ ರಾಗಿ ಮೂಟೆ ಕೂರ್ತದಾ?" ಅಲ್ಲಿ ನಡೆದ ಬುದ್ಧಿವಂತಿಕೆಯ ಮಾತು ಅದೊಂದೇ.

ಭಾವನಿಗೆ ಹುಲಿಯೂರುದುರ್ಗದ ಮೇಲೆ ಮದ್ದೂರಿಗಿಳಿದು, ಎಕ್ಸ್‌ಪ್ರೆಸ್‌ವೇಯಲ್ಲಿ ಮೈಸೂರಿಗೆ ಹಾರುವ ಆಸೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಗೆ ಬೈಕುಗಳನ್ನು ಬಿಡುವುದೇ ಇಲ್ಲ ಭಾವ ಎಂದೆ. ಸಿಸಿ ಎಷ್ಟೇ ಇರಲಿ, ಸರ್ವಿಸ್ ರಸ್ತೆಯಲ್ಲಿ ಎಳನೀರು ಹೊತ್ತ ಟಿವಿಎಸ್ ಎಕ್ಸ್‌ಎಲ್ ಹಿಂದೆಯೇ ಹೋಗಬೇಕು.

ಗುಬ್ಬಿಯವರದು ಇನ್ನೂ ಒಂದು ಕೈ ಮೇಲು. 2023ರ ಫೆಬ್ರುವರಿಯಲ್ಲಿ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಅವರಿಗೆ ಬೈಕೆಂದರೆ ಸಣ್ಣ ಮಾತು. ಮೇಲಾಗಿ ವೀರಣ್ಣನವರ ನಾಟಕ ಕಂಪನಿಯ ಊರು. ಜಾಕೆಟ್ಟು, ಗ್ಲೌಸು, ಮೊಣಕಾಲಿಗೆ ಕವಚ, ಹೆಲ್ಮೆಟ್ಟಿನ ಮೇಲೊಂದು ಕ್ಯಾಮೆರಾ. ವೇಷ ಪೂರ್ತಿಯಾಗಿ ಫೋಟೊ ಹೊಡೆಸಿಕೊಳ್ಳುವ ಹೊತ್ತಿಗೆ ಸಂಕ್ರಾಂತಿ ಬಂದು ಚಳಿಯೇ ಹೊರಟಿರುತ್ತದೆ.

ಇನ್ನು ಯೆಜ್ಡಿ ಮಾವಂದಿರು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಇವರ ಬಾಯಿ ಮಾತ್ರ ಮುಚ್ಚಿಲ್ಲ. "ಕಿಕ್ಕರ್ರೇ ಗೇರು ಕಣಯ್ಯ, ಅದೂ ಒಂದು ಗಾಡಿ!" ನಿಜ, ಮಾವ. ಆದರೆ ಮಾಗಿ ಚಳಿಯ ಬೆಳಗ್ಗೆ ಚೋಕ್ ಎಳೆದು ನೀವು ಒದೆಯುತ್ತಿದ್ದ ಒದೆತಕ್ಕೆ ಬೀದಿಯೆಲ್ಲ ಎದ್ದು ಕೂರುತ್ತಿತ್ತಲ್ಲ, ಅದನ್ನೂ ಹೇಳಿ. ಬಿಎಸ್-6 ಹೊಗೆ ನಿಯಮ ಬಂದ ಮೇಲಿನ ಬಹುತೇಕ ಬೈಕುಗಳಲ್ಲಿ ಆ ವ್ಯಾಯಾಮವಿಲ್ಲ, ಸ್ವಿಚ್ ಒತ್ತಿದರೆ ಸಾಕು. ಕೆಟ್ಟು ನಿಂತರೆ ಮಾತ್ರ ಕೆ.ಬಿ. ಕ್ರಾಸಿನ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು, "ಇದಕ್ಕೆ ಕಂಪ್ಯೂಟರ್ ಬೇಕು ಸಾರ್" ಎಂದು ಬೀಡಿ ಹಚ್ಚುತ್ತಾನೆ.

ಬುಲೆಟ್ ಜಾತಿಯ ಬೈಕು ಸುಮಾರು 195 ಕೆ.ಜಿ. ತೂಗುತ್ತದೆ, ಸ್ಪ್ಲೆಂಡರ್ 112ರ ಆಸುಪಾಸು. ಈ ವ್ಯತ್ಯಾಸ ತಿಳಿಯುವುದು ಷೋರೂಮಿನ ಟೈಲ್ಸ್ ಮೇಲಲ್ಲ, ಡಿಸೆಂಬರ್-ಜನವರಿಯ ನಮ್ಮ ಹಳ್ಳಿ ರಸ್ತೆಯಲ್ಲಿ. ಆಗ ರಸ್ತೆಯೇ ಕಣ. ತಿರುವು ದಾಟಿದ ಕೂಡಲೇ ರಾಗಿ ತೆನೆ, ಹುರುಳಿ ಗಿಡ ಮೊಣಕಾಲುದ್ದ ಹರಡಿರುತ್ತದೆ. ಗಾಬರಿಯಲ್ಲಿ ಬ್ರೇಕ್ ಹಿಡಿದಿರೋ, ಚಕ್ರ ಒಂದು ಕಡೆ, ನೀವು ಒಂದು ಕಡೆ. ದೂರದಿಂದಲೇ ಆಕ್ಸಿಲರೇಟರ್ ಇಳಿಸಿ, ಹ್ಯಾಂಡಲ್ ತಿರುಗಿಸದೆ ನೇರ ಹಾಯಬೇಕು. ದಾಟಿದ ಮೇಲೆ ಇಳಿದು ನೋಡಬೇಕು: ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡಿರುತ್ತದೆ, ಒಣಹುಲ್ಲು ಕಾದ ಸೈಲೆನ್ಸರಿಗೆ ತಾಗಿ ಹೊಗೆಯಾಡುವುದೂ ಉಂಟು. ಕಣದ ಅಜ್ಜಿಗೆ ಇದ್ಯಾವುದೂ ಬೇಕಿಲ್ಲ. "ಗಾಡಿ ಭಾರ ಐತಪ್ಪ, ಇನ್ನೊಂದು ಸುತ್ತು ಬಾ" ಎನ್ನುತ್ತಾಳೆ. ದೊಡ್ಡ ಬೈಕ್ ಕೊಂಡವರೆಲ್ಲ ನೆನಪಿಡಿ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಒಪ್ಪುವ ಕೆಲಸ ಒಕ್ಕಣೆ.

ಹೊರಡುವ ಗಳಿಗೆಯದೂ ಒಂದು ಹುಚ್ಚು. "ನಾಕು ಗಂಟೆಗೆ ಬಿಡಾಣ!" ಮಂಜಿನಲ್ಲಿ ಮುಂದಿನ ಲಾರಿ ಕಾಣುವುದಿಲ್ಲ, ಉಸಿರಿಗೆ ಹೆಲ್ಮೆಟ್ ಗಾಜು ಮಬ್ಬಾಗಿ ಪಕ್ಕದವನೂ ಕಾಣುವುದಿಲ್ಲ. ಪುಣ್ಯಕ್ಕೆ ನಾಲ್ಕಕ್ಕೆ ಯಾರೂ ಏಳುವುದಿಲ್ಲ. ಏಳಕ್ಕೆ ಸೇರಿ, ಮೊದಲು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುತ್ತಾರೆ. ಕ್ಯಾತ್ಸಂದ್ರ ಇರುವುದು ಬೆಂಗಳೂರಿನ ಕಡೆ, ಚಿಕ್ಕಮಗಳೂರು ಅದರ ಉಲ್ಟಾ ದಿಕ್ಕು. ಪ್ರವಾಸದ ಮೊದಲ ಹೆಜ್ಜೆಯೇ ಹಿಂದಕ್ಕೆ!

ನನ್ನನ್ನು ಕೇಳಿದರೆ, ಎರಡೂ ಪಾದ ನೆಲಕ್ಕೆ ಊರುವ, ಯಾವ ಕ್ರಾಸಿನ ಮೆಕ್ಯಾನಿಕ್ಕೂ ಕಣ್ಣು ಮುಚ್ಚಿ ಬಿಚ್ಚಬಲ್ಲ ಬೈಕೇ ಬೈಕು. ಅದು ಬಹುಶಃ ನಿಮ್ಮ ಮನೆ ಮುಂದೆಯೇ ನಿಂತಿದೆ. ಚೈನಿಗೆ ಎಣ್ಣೆ ಬಿಡಿ, ಟೈರಿನ ಗಾಳಿಯನ್ನು ಹೊರಡುವ ಬೆಳಗ್ಗೆಯೇ ನೋಡಿಸಿ, ಹಿಂದೆ ಕೂರುವವರಿಗೂ ಹೆಲ್ಮೆಟ್ ತೆಗೆದುಕೊಳ್ಳಿ. ಮತ್ತೆ ಆ ಟೀ ಅಂಗಡಿಯವನ ಹಳೇ ಬಾಕಿ ತೀರಿಸಿಯೇ ಹೊರಡಿ.