ಗರಗಸ-ಪಾದರಕ್ಷಾ ಮೀಮಾಂಸೆ

ಮೈಸೂರಿನಲ್ಲಿ ಭಾಷ್ಯವಿಲ್ಲದ ವಸ್ತು ಕಡಿಮೆ. ಮಲ್ಲಿಗೆಯಿಂದ ಮಸಾಲೆ ದೋಸೆಯವರೆಗೆ ಎಲ್ಲಕ್ಕೂ ಇಲ್ಲಿ ವಿದ್ವಾಂಸರಿದ್ದಾರೆ. ಮರ ಕುಯ್ಯುವ ಮಿಷನ್ ಹಿಡಿದವನ ಪಾದ ಮಾತ್ರ ಅನಾಥ. ಆ ಲೋಪವನ್ನು ಸರಿಪಡಿಸಲು ಈ ಪ್ರಬಂಧ ಹೊರಟಿದೆ. ಆಕರವೆಲ್ಲ ರಸ್ತೆ ಬದಿಯದು.

ಮೊದಲು ಪೂರ್ವಸೂರಿಗಳ ಸ್ಮರಣೆ. ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಇದೇ ಮೈಸೂರಿನಿಂದ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಊರ ತೋಪಿನ ಮರದ ಚಿಗುರು ಕಡಿದವನಿಗೆ 6 ಪಣ, ಸಣ್ಣ ಕೊಂಬೆಗೆ 12, ದಪ್ಪ ಕೊಂಬೆಗೆ 24 ಪಣ ದಂಡವಿದೆ. ಕೊಂಬೆಯ ದಪ್ಪವನ್ನು ಇಷ್ಟು ನಾಜೂಕಾಗಿ ಅಳೆದ ಮಹಾನುಭಾವ ಕಡಿಯುವವನ ಕಾಲಿನ ವಿಷಯದಲ್ಲಿ ಮೌನಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ವೃಕ್ಷಾಧಿಕಾರಿಯನ್ನು ಸೃಷ್ಟಿಸಿತು, ಪಾದಾಧಿಕಾರಿಯನ್ನು ಮರೆಯಿತು. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯ 40 ಮರಗಳು ಉರುಳಿದಾಗ ಊರೆಲ್ಲ ಸೇರಿ ಬುಡಗಳನ್ನು ಎಣಿಸಿತು. ಎಣಿಸಲೇಬೇಕಿತ್ತು. ಕುಯ್ದವರ ಕಾಲಲ್ಲಿ ಏನಿತ್ತೆಂದು ಯಾರೂ ಕೇಳಿದ ಹಾಗಿಲ್ಲ.

ಇನ್ನು ಯಂತ್ರದ ವಂಶಾವಳಿ. ಸರಪಣಿ ಗರಗಸ ಹುಟ್ಟಿದ್ದು ಮರಕ್ಕಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಜಾನ್ ಏಟ್ಕೆನ್, ಜೇಮ್ಸ್ ಜೆಫ್ರಿ ಎಂಬ ಸ್ಕಾಟ್ಲೆಂಡಿನ ವೈದ್ಯರು ಮೂಳೆ ಕೊಯ್ಯಲು ಹಲ್ಲಿನ ಸರಪಣಿಯನ್ನು ಕೈಯಲ್ಲಿ ಎಳೆದಾಡಿದರು. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ವಿದ್ಯುತ್ ಗರಗಸ ತಯಾರಿಸಿದ್ದು ಮರಕ್ಕಾಗಿ. ಆದ್ದರಿಂದ ಮಿಷನ್ ಜಾರಿ ಕಾಲಿಗೆ ತಾಗಿದರೆ ಅದನ್ನು ಅಪಘಾತವೆನ್ನುವುದು ಅಶಾಸ್ತ್ರೀಯ. ಅದು ಕುಲವೃತ್ತಿಗೆ ಮರಳಿದೆ, ಅಷ್ಟೇ.

ಪಾದದ ವಿಷಯದಲ್ಲಿ ಮೂರು ಪಂಥಗಳು ಪ್ರಚಲಿತ. ಅತ್ಯಂತ ಪ್ರಾಚೀನವಾದದ್ದು, ಅನುಯಾಯಿಗಳೂ ಹೆಚ್ಚಿರುವುದು ಹವಾಯಿ ಪಂಥ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಗುಲ್‌ಮೊಹರ್ ಬಿದ್ದ ಯಾವ ಬಡಾವಣೆಯಲ್ಲಾದರೂ ಇದರ ದರ್ಶನವಾಗುತ್ತದೆ: ಲುಂಗಿ ಮೇಲಕ್ಕೆ, ಮಿಷನ್ ಕೆಳಕ್ಕೆ, ನಡುವೆ ನೀಲಿ ಪಟ್ಟಿಯ ಚಪ್ಪಲಿ. ಇವರ ವಾದ ಬೂಟು ಹಾಕಿದರೆ ಮರ ಹತ್ತಲು ಹಿಡಿತ ಸಿಗದೆಂಬುದು. ಹತ್ತುವಾಗ ಅದು ನಿಜವೇ, ಒಪ್ಪೋಣ. ಆದರೆ ಮಿಷನ್ನಿನ ದೊಡ್ಡ ಪಾಲು ಕೆಲಸ ನೆಲದ ಮೇಲೆ, ಬಿದ್ದ ದಿಮ್ಮಿಯನ್ನು ತುಂಡು ಮಾಡುವಾಗ. ಅಲ್ಲಿ ಹೆಬ್ಬೆರಳು ಹಿಡಿಯಬೇಕಾದ್ದು ಏನೂ ಇಲ್ಲ.

ಎರಡನೆಯದು ಗಂಬೂಟು ಪಂಥ. ಸಾಮಾನ್ಯ ಗಂಬೂಟು ನೀರನ್ನು ತಡೆಯುತ್ತದೆ. ಸರಪಣಿ ಅದನ್ನು ಹಲಸಿನ ತೊಳೆಯಂತೆ ಬಿಡಿಸುತ್ತದೆ. ಮೂರನೆಯದು ಉಕ್ಕಿನ ಮೂತಿ ಪಂಥ, ಕಾರ್ಖಾನೆಯ ಸೇಫ್ಟಿ ಶೂ ಹಾಕಿ ನಿಶ್ಚಿಂತರಾದವರದು. ಆ ಮೂತಿ 200 ಜೂಲ್ ಪೆಟ್ಟನ್ನು, ಅಂದರೆ ಸುಮಾರು ಒಂದು ಮೀಟರ್ ಎತ್ತರದಿಂದ ಬೀಳುವ 20 ಕಿಲೋ ಭಾರವನ್ನು ತಾಳುತ್ತದೆ. ಆದರೆ ಕಾಯುವುದು ಬೆರಳನ್ನಷ್ಟೇ. ಸರಪಣಿ ಕೂರುವುದು ಅದರ ಹಿಂದೆ, ಲೇಸು ಕಟ್ಟುವ ಮೆತ್ತನೆ ಜಾಗದಲ್ಲಿ.

ಸಿದ್ಧಾಂತ: ಬೂಟಿನ ಮೇಲೆ ಗುರಾಣಿಯೊಳಗೆ ಪುಟ್ಟ ಗರಗಸದ ಚಿತ್ರವಿರಬೇಕು, ಜೊತೆಗೆ ದರ್ಜೆ ಇರಬೇಕು. ಇವಿಲ್ಲದ್ದು ಮದುವೆ ಮನೆಗೆ ಯೋಗ್ಯ. ಐಎಸ್ಒ 17249 ಮಾನದಂಡದಲ್ಲಿ ದರ್ಜೆಗಳು ನಾಲ್ಕು. ಪರೀಕ್ಷೆಯಲ್ಲಿ ಸರಪಣಿ ಸೆಕೆಂಡಿಗೆ 20, 24, 28, 32 ಮೀಟರ್ ವೇಗದಲ್ಲಿ ಓಡುತ್ತದೆ. ಮೂರನೆಯ ದರ್ಜೆಯ ವೇಗ ಗಂಟೆಗೆ ನೂರು ಕಿಲೋಮೀಟರ್ ಚಿಲ್ಲರೆ, ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಕಾರಿಗಿರುವ ಮಿತಿಯೇ. ವ್ಯತ್ಯಾಸವೆಂದರೆ ಇಲ್ಲಿ ಮಿತಿ ಮೀರಿದರೆ ಕ್ಯಾಮೆರಾ ದಂಡ ಹಾಕುವುದಿಲ್ಲ. ನಿಮ್ಮ ಮಿಷನ್ನಿನ ಸರಪಣಿ ವೇಗ ಕೇಳಿಕೊಂಡೇ ದರ್ಜೆ ಆರಿಸಿ. ರಕ್ಷಣೆ ಇರುವುದು ಮುಂಭಾಗಕ್ಕೆ ಮಾತ್ರ, ಹಿಮ್ಮಡಿ ದೈವಾಧೀನ.

ಬೂಟು ಕೊಳ್ಳಲು ಸಂಜೆ ಹೊತ್ತು ಪ್ರಶಸ್ತ. ಇದು ಜ್ಯೋತಿಷ್ಯವಲ್ಲ, ದಿನವಿಡೀ ನಿಂತ ಕಾಲು ಸಂಜೆಗೆ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಯೇ ಅಳತೆ ನೋಡಿ. ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲ ಜಾಗವಿರಲಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಉಕ್ಕಿಗೆ ಗುದ್ದುತ್ತದೆ. ಹಿಮ್ಮಡಿ ಮೇಲೆದ್ದು ಉಜ್ಜಬಾರದು. ಹೊಸದನ್ನು ಮೊದಲ ದಿನವೇ ಕೆಲಸಕ್ಕೆ ಹಾಕಿದವರು ಮರುದಿನ ಹವಾಯಿಗೆ ಮತಾಂತರವಾಗುತ್ತಾರೆ. ಮನೆಯಲ್ಲೇ ಒಂದಿಷ್ಟು ದಿನ ಪಳಗಿಸಿ.

ನೆನೆದ ಬೂಟನ್ನು ಒಲೆ ಪಕ್ಕ, ಬಿಸಿಲಲ್ಲಿ ಒಣಗಿಸುವ ನಮ್ಮ ಪದ್ಧತಿಯಿಂದ ಚರ್ಮ ಬಿರಿದು ಅಂಟು ಬಿಡುತ್ತದೆ. ಕೆಸರು ಉಜ್ಜಿ, ಒಳಗೆ ಹಳೆ ಪತ್ರಿಕೆ ತುರುಕಿ (ಸಂಪಾದಕೀಯ ಪುಟ ಚೆನ್ನಾಗಿ ಹೀರುತ್ತದೆ), ನೆರಳಲ್ಲಿಡಿ. ಆಮೇಲೆ ಮೇಣ ಸವರಿ. ಪೆಟ್ರೋಲ್, ಆಯಿಲ್ ಸೋಕಿದರೆ ಆಗಲೇ ಒರೆಸಿ. ರಕ್ಷಣಾ ಪದರದ ಮೇಲೆ ಚಮ್ಮಾರನ ಸೂಜಿ ಆಡಬಾರದು. ಸರಪಣಿ ಒಮ್ಮೆ ತಾಗಿದ ಬೂಟು ತನ್ನ ಕೆಲಸ ಮುಗಿಸಿತು; ಕೂದಲೆಳೆಯಷ್ಟೇ ಗೀರಿದ್ದರೂ ಅದಕ್ಕೆ ನಿವೃತ್ತಿ ಕೊಡಿ.

ಹಾಗೆ ನೋಡಿದರೆ ಬೂಟಿನ ಪರಮ ಶತ್ರು ಉಗ್ರಾಣ. ಸಾಹೇಬರು ತನಿಖೆಗೆ ಬರುವ ದಿನ ಮಾತ್ರ ಹೊರಬಂದು, ಸಂಜೆ ಎಣಿಸಿ ಬೀಗ ಹಾಕಿಸಿಕೊಳ್ಳುವ ಬೂಟುಗಳ ಜಾತಿಯೊಂದಿದೆ. ಕಾಲುಗಳಿಗಿಂತ ಅವೇ ಹೆಚ್ಚು ಸುರಕ್ಷಿತ. ಆದರೆ ಪಾಲಿಯುರೆಥೇನ್ ಅಟ್ಟೆ ಗಾಳಿಯ ತೇವಕ್ಕೆ ಒಳಗೊಳಗೇ ಒಡೆಯುತ್ತದೆ; ಕೆಲವು ವರ್ಷ ಸುಮ್ಮನಿಟ್ಟರೆ, ಹಾಕಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪುಡಿ. ಮೆಟ್ಟದೆ ಹಾಳಾಗುವ ಪಾದರಕ್ಷೆಗೆ ಲೆಕ್ಕಪರಿಶೋಧಕರು ಇನ್ನೂ ಕಾಲಂ ಕಂಡುಹಿಡಿಯಬೇಕಿದೆ.

ಮನೆ ಮುಂದಿನ ಕೊಂಬೆ ಕಡಿಸುವ ಮೈಸೂರಿಗರಲ್ಲಿ ವಿನಂತಿ: ಅನುಮತಿ ಪತ್ರ ಕೈಗೆ ಬಂದ ಮೇಲೆ, ಕೂಲಿ ಚೌಕಾಸಿಗೆ ಮುಂಚೆ, ಬಂದವನ ಕಾಲು ನೋಡಿ. ಚಪ್ಪಲಿ ಕಂಡರೆ ಬೂಟಿನ ಬಾಬ್ತನ್ನು ಕೂಲಿಗೆ ಸೇರಿಸಿ ಮಾತಾಡಿ. ಟೆಂಡರ್ ಬರೆಯುವವರೂ ಪೆಟ್ರೋಲ್, ಆಯಿಲ್, ಲಾರಿ ಬಾಡಿಗೆ ಎಂಬ ಸಾಲುಗಳ ಕೆಳಗೆ ಬೂಟು ಎಂದೊಂದು ಸಾಲು ಸೇರಿಸಲಿ, ಎರಡೂ ಕಾಲಿಗೆ.